ಕೊನೇ ಟೇಬಲ್ಲಿಗೂ ನೀರು ಮುಟ್ಟಬೇಕು

ಭತ್ತದ ಕೊಯ್ಲು ಮುಗಿದು ಹುಲ್ಲು ಬಣವೆಗೆ ಸೇರಿದೆ. ಈ ಬಿಡುವಿನಲ್ಲಿ, ಬಹಳ ದಿನದಿಂದ ತಲೆಯಲ್ಲಿ ಕೊರೀತಿದ್ದ ಒಂದು ವಿಷಯ ಬರೆದುಬಿಡ್ತೀನಿ. ಗದ್ದೆ ವಿಷಯ ಅಲ್ಲ, ಚೆಸ್ ವಿಷಯ. "ನಿನಗ್ಯಾಕಪ್ಪಾ ಅದರ ಉಸಾಬರಿ?" ಅಂತ ಕೇಳೋರು ಇರ್ತೀರಿ. ನನ್ನ ತಮ್ಮನ ಮಗಳು ಎರಡು ವರ್ಷದಿಂದ ವಾರಾಂತ್ಯದ ಟೂರ್ನಮೆಂಟುಗಳಿಗೆ ಹೋಗ್ತಾಳೆ. ಬೈಕಿನಲ್ಲಿ ಕರ್ಕೊಂಡು ಹೋಗೋದು, ಸಂಜೆ ತನಕ ಹೊರಗೆ ಕಾಯೋದು ನನ್ನ ಕೆಲಸ. ಕಾಯೋನಿಗೆ ನೋಡೋಕೆ ಬೇಕಾದಷ್ಟು ಟೈಮ್ ಸಿಗ್ತದೆ. ಹಂಗೆ ನೋಡಿದ್ದರಿಂದ ಈ ಬರಹ.

ನನ್ನ ಮಾತು ಇಷ್ಟೇ. ಆಟದ ನಿಯಮ, ಶಿಸ್ತು, ಮರ್ಯಾದೆ ಇವೆಲ್ಲ ಇರೋದು ಬಲ ಇಲ್ಲದೋರನ್ನ ಕಾಯೋಕೆ. ನಮ್ಮ ಕಡೆ ಟೂರ್ನಮೆಂಟುಗಳಲ್ಲಿ ಕೆಲವು ಸಲ ಇದು ಉಲ್ಟಾ ಆಗ್ತಿದೆ. ನಿಯಮ ಗೊತ್ತಿರೋ ಮಗು, ಗೊತ್ತಿಲ್ಲದ ಮಗುವನ್ನ ಹೆದರಿಸೋಕೆ ಅದೇ ನಿಯಮ ಬಳಸ್ತಿದೆ. ಇದನ್ನ ಸರಿ ಮಾಡೋಕೆ ದೊಡ್ಡ ದುಡ್ಡು ಬೇಕಿಲ್ಲ. ಆಟ ಶುರುವಾಗೋ ಮುಂಚೆ ಹತ್ತು ನಿಮಿಷ ಕನ್ನಡದಲ್ಲಿ ಮಾತಾಡಿದರೆ ಸಾಕು.

ಇಂಥ ಟೂರ್ನಮೆಂಟ್ ನೋಡದೇ ಇರೋರಿಗೆ ಸ್ವಲ್ಪ ವಿವರ. ದಾವಣಗೆರೆಯಲ್ಲೋ ಹರಿಹರದಲ್ಲೋ ಒಂದು ಸಮುದಾಯ ಭವನ ಇಲ್ಲಾ ಶಾಲೆ ಹಾಲು ಹಿಡೀತಾರೆ. ಮದುವೆ ಊಟದ ಉದ್ದನೆ ಟೇಬಲ್ಲುಗಳನ್ನೇ ಸಾಲಾಗಿ ಜೋಡಿಸ್ತಾರೆ. ಅದರ ಮೇಲೆ ಸುತ್ತಿಡೋ ಬೋರ್ಡು, ಪ್ಲಾಸ್ಟಿಕ್ ಕಾಯಿ. ಮಲೇಬೆನ್ನೂರು, ಹೊನ್ನಾಳಿ, ಜಗಳೂರು, ಹೊಳೆ ದಾಟಿ ರಾಣೆಬೆನ್ನೂರು ಕಡೆಯಿಂದಲೂ ಮಕ್ಕಳು ಬರ್ತಾರೆ. ಎಂಟು ವರ್ಷದ ಹುಡುಗನ ಎದುರು ರಿಟೈರ್ ಆದ ಬ್ಯಾಂಕ್ ಸಾಹೇಬ್ರು ಕೂತಿರ್ತಾರೆ. ಅದನ್ನ ನೋಡೋದೇ ಒಂದು ಚಂದ. ಮಧ್ಯಾಹ್ನ ಹೊರಗೆ ಮಂಡಕ್ಕಿ, ಮೆಣಸಿನಕಾಯಿ, ಟೀ. ತಲಾ ಹದಿನೈದೋ ಇಪ್ಪತ್ತೋ ನಿಮಿಷದ ಆಟ. ಇದನ್ನ ರ‍್ಯಾಪಿಡ್ ಅಂತಾರೆ.

ಆಡಿಸೋದು ಸ್ವಿಸ್ ಪದ್ಧತಿಯಲ್ಲಿ. ಕಬಡ್ಡಿ ನಾಕೌಟ್ ಥರ ಸೋತವರು ಮನೆಗೆ ಹೋಗಬೇಕಾಗಿಲ್ಲ, ಎಲ್ಲರೂ ಎಲ್ಲಾ ಸುತ್ತೂ ಆಡ್ತಾರೆ. ಒಂದು ಸುತ್ತು ಮುಗಿದ ಮೇಲೆ ಗೆದ್ದವರಿಗೆ ಗೆದ್ದವರು, ಸೋತವರಿಗೆ ಸೋತವರು ಜೋಡಿ ಆಗ್ತಾರೆ. ಜಾಸ್ತಿ ಪಾಯಿಂಟ್ ಇದ್ದವರು ಒಂದನೇ ಟೇಬಲ್ಲಿಗೆ, ಕಮ್ಮಿ ಇದ್ದವರು ಕೆಳಗೆ ಕೆಳಗೆ. ಬಹಳ ಒಳ್ಳೆ ಪದ್ಧತಿ. ಹಳ್ಳಿಯಿಂದ ಮೊದಲ ಸಲ ಬಂದ ಮಗು ಮೂರು ಸೋತರೂ ನಾಲ್ಕನೇ ಆಟ ತನ್ನ ಸಮಕ್ಕೆ ಇರೋರ ಜೊತೆ ಆಡ್ತದೆ.

ಆದರೆ ಹಾಲ್ ಒಳಗೆ ಒಂದು ಸಲ ಕಣ್ಣಾಡಿಸಿ ನೋಡ್ರಿ. ಮೊದಲ ಹತ್ತು ಟೇಬಲ್ಲಿಗೆ ಡಿಜಿಟಲ್ ಕ್ಲಾಕು ಇರ್ತದೆ, ಒಳ್ಳೆ ಕಾಯಿ ಇರ್ತಾವೆ, ಆರ್ಬಿಟರ್ ಅಲ್ಲೇ ಓಡಾಡ್ತಿರ್ತಾರೆ. ಕೆಳಗೆ ಹೋದಂಗೆ ಕ್ಲಾಕು ಖಾಲಿ. ಆಟ ಬಹಳ ಹೊತ್ತು ಎಳೆದರೆ ಆಮೇಲೆ ಎಲ್ಲಿಂದಲೋ ಒಂದು ಕ್ಲಾಕ್ ತಂದು ಇಡ್ತಾರೆ. ಇನ್ನೊಂದು ತುದಿಯಲ್ಲಿ, ಬಾಗಿಲ ಹತ್ತಿರ, ಕಾಯಿ ಕಮ್ಮಿ ಬಿದ್ದಿರೋ ಸೆಟ್ಟು, ಕಾಲು ಅಲ್ಲಾಡೋ ಟೇಬಲ್ಲು. ಆರ್ಬಿಟರ್ ಅಲ್ಲಿಗೆ ಬರೋದು ರಿಸಲ್ಟ್ ಬರ್ಕೊಳ್ಳೋಕೆ ಮಾತ್ರ.

ಇದನ್ನ ನೋಡಿದಾಗೆಲ್ಲ ನನಗೆ ನೆನಪಾಗೋದು ನಮ್ಮ ನಾಲೆ. ಲಕ್ಕವಳ್ಳಿಯಲ್ಲಿ ಭದ್ರಾ ಡ್ಯಾಮು 186 ಅಡಿ ತುಂಬಿದರೂ, ಬಲದಂಡೆ ನಾಲೆಯ ಕೊನೆ ಭಾಗದಲ್ಲಿರೋ ನಮಗೆ ನೀರು ಬಂದಾಗಲೇ ಬಂತು ಅನ್ನಬೇಕು. ಮೇಲಿನೋರು ಕೆಟ್ಟವರು ಅಂತಲ್ಲ. ತೂಬು ಅವರ ಹತ್ತಿರ ಐತೆ, ಅಷ್ಟೇ. ನಾಲೆ ಬಿಡೋವಾಗ ಹಾಕೋ ಆನ್ ಅಂಡ್ ಆಫ್ ಲೆಕ್ಕ ಕಾಗದದ ಮೇಲೆ ಎಲ್ಲರಿಗೂ ಸಮನಾಗೇ ಇರ್ತದೆ. ಆ ಕಾಗದದ ನ್ಯಾಯ ಕೊನೆ ಗದ್ದೆ ತನಕ ನಡ್ಕೊಂಡು ಬರಬೇಕಂದ್ರೆ ಒಬ್ಬ ನೀರುಗಂಟಿ ಬೇಕು, ಮತ್ತೆ ಕೊನೆ ಗದ್ದೆಯೋನಿಗೆ ತನ್ನ ಸರದಿ ಯಾವತ್ತು ಅಂತ ಗೊತ್ತಿರಬೇಕು. ಎರಡರಲ್ಲಿ ಒಂದು ಇಲ್ಲದಿದ್ರೂ ಪೈರು ಒಣಗ್ತದೆ. ಚೆಸ್ ಹಾಲ್‌ನ ಕೊನೇ ಟೇಬಲ್ಲಿಗೂ ಇದೇ ಲೆಕ್ಕ.

ಈಗ ನಡೆದ ಸಂಗತಿ ಹೇಳ್ತೀನಿ. ಯಾವ ಟೂರ್ನಮೆಂಟು, ಎದುರಿಗೆ ಯಾರು ಕೂತಿದ್ರು ಅಂತ ಹೇಳಲ್ಲ. ಆ ಹುಡುಗನೂ ಮಗುನೇ, ನಡೆಸಿದೋರೂ ಒಳ್ಳೆ ಮನಸ್ಸಿನಿಂದಲೇ ನಡೆಸಿದೋರು.

ಮೂರನೇ ಸುತ್ತು. ನಮ್ಮ ಹುಡುಗಿ ಕೆಳಗಿನ ಟೇಬಲ್ಲಲ್ಲಿ. ಕ್ಲಾಕ್ ಇಲ್ಲ. ಅವಳ ಮಂತ್ರಿ ಎರಡು ಮನೆ ಮಧ್ಯೆ ವಾರೆಯಾಗಿ ನಿಂತಿತ್ತಂತೆ. ಅವಳ ಸರದಿ. "ಸರಿ ಮಾಡ್ತೀನಿ" ಅಂತ ಹೇಳಿ ಮಂತ್ರಿಯನ್ನ ಮನೆ ಮಧ್ಯಕ್ಕೆ ಇಟ್ಟಳು. ಎದುರಿನ ಹುಡುಗ "ಟಚ್ ಮೂವ್! ಮಂತ್ರಿನೇ ನಡೆಸು" ಅಂದ. ಇವಳು "ಹೇಳೇ ಮುಟ್ಟಿದ್ನಲ್ಲಾ" ಅಂದಳು. ಅವನು "ಅಡ್ಜಸ್ಟ್ ಅಂತ ಇಂಗ್ಲಿಷಲ್ಲಿ ಹೇಳಬೇಕು, ಕನ್ನಡದಲ್ಲಿ ಹೇಳಿದ್ರೆ ನಡೆಯಲ್ಲ, ರೂಲ್ಸಲ್ಲೇ ಇದೆ" ಅಂದ. ಅಷ್ಟು ಖಚಿತವಾಗಿ ಹೇಳಿದಾಗ ಹತ್ತು ವರ್ಷದ ಹುಡುಗಿ ಏನು ಮಾಡ್ತಾಳೆ? ಅಕ್ಕಪಕ್ಕ ನೋಡಿದಳು. ಆರ್ಬಿಟರ್ ದೂರದಲ್ಲಿ ಒಂದನೇ ಟೇಬಲ್ ಹತ್ತಿರ. ಮಂತ್ರಿ ನಡೆಸಿದಳು. ಅದು ಕಾಯ್ತಿದ್ದ ಆನೆ ಹೋಯ್ತು, ಆಮೇಲೆ ಆಟನೂ ಹೋಯ್ತು.

ಹೊರಗೆ ಬಂದು ನನಗೆ ಹೇಳಿದ್ದು ಸೋತೆ ಅಂತಲ್ಲ. "ದೊಡ್ಡಪ್ಪಾ, ಕನ್ನಡದಲ್ಲಿ ಹೇಳಿದ್ರೆ ನಡೆಯಲ್ವಂತೆ" ಅಂತ.

ನೋಡ್ರಿ, ಆಟ ಸೋಲೋದು ದೊಡ್ಡ ವಿಷಯ ಅಲ್ಲ. ಸೋಲದೇ ಯಾರೂ ಚೆಸ್ ಕಲಿಯಲ್ಲ. ಆದರೆ "ನನ್ನ ಮಾತು ಇಲ್ಲಿ ನಡೆಯಲ್ಲ" ಅನ್ನೋದನ್ನ ಒಂದು ಮಗು ಒಂದು ಭಾನುವಾರದಲ್ಲಿ ಕಲಿತುಬಿಟ್ರೆ, ಅದನ್ನ ಮರೆಸೋಕೆ ಎಷ್ಟು ಭಾನುವಾರ ಬೇಕು? ಅವಳ ಜೊತೆ ಬರ್ತಿದ್ದ ನಮ್ಮೂರ ಇನ್ನಿಬ್ಬರು ಮಕ್ಕಳು ಈಗ ಬರ್ತಿಲ್ಲ. ಕೇಳಿದ್ರೆ "ಅಲ್ಲಿ ಏನೇನೋ ರೂಲ್ಸ್ ಅಂತಾರೆ ಅಣ್ಣಾ" ಅಂತ ಅವರಪ್ಪ ಹೇಳ್ತಾರೆ.

ಹಾಗಾದ್ರೆ ನಿಜವಾದ ನಿಯಮ ಏನು? ಫಿಡೆ ಅಂದ್ರೆ 1924ರಲ್ಲಿ ಪ್ಯಾರಿಸಿನಲ್ಲಿ ಹುಟ್ಟಿದ, ಚೆಸ್‌ನ ಜಾಗತಿಕ ಸಂಸ್ಥೆ. ಅದರ ನಿಯಮಗಳಲ್ಲಿ ನಾಲ್ಕನೇ ವಿಧಿ ಕಾಯಿ ಮುಟ್ಟೋದರ ಬಗ್ಗೆ. ನಿಮ್ಮ ಸರದಿ ಇದ್ದಾಗ, ಮೊದಲೇ ತಿಳಿಸಿ, ಕಾಯಿಯನ್ನ ಮನೆಯೊಳಗೆ ಸರಿ ಮಾಡಿ ಇಡಬಹುದು ಅಂತ ಅದು ಹೇಳ್ತದೆ. ಹೇಗೆ ತಿಳಿಸಬೇಕು ಅನ್ನೋದಕ್ಕೆ ಫ್ರೆಂಚಿನ "ಜಾದೂಬ್", ಇಂಗ್ಲಿಷಿನ "ಐ ಅಡ್ಜಸ್ಟ್" ಅನ್ನೋ ಮಾತುಗಳನ್ನ ಕೊಟ್ಟಿದೆ. ಕೊಟ್ಟಿರೋದು ಉದಾಹರಣೆ ಅಂತ. ಮುಖ್ಯವಾದದ್ದು ಮುಟ್ಟೋ ಮುಂಚೆ ಎದುರಿನವರಿಗೆ ಗೊತ್ತಾಗೋ ಹಂಗೆ ಹೇಳೋದು. ಆ ಹುಡುಗನಿಗೆ ಕನ್ನಡ ಚೆನ್ನಾಗೇ ಗೊತ್ತಿತ್ತು, ಜಗಳ ಆಡಿದ್ದೂ ಕನ್ನಡದಲ್ಲೇ. ಅಂದ್ಮೇಲೆ "ಸರಿ ಮಾಡ್ತೀನಿ" ಅಂದಿದ್ದು ನೂರಕ್ಕೆ ನೂರು ಸರಿ.

ಅವಳಿಗೆ ಗೊತ್ತಿಲ್ಲದೇ ಇದ್ದಿದ್ದು ಇನ್ನೊಂದು ನಿಯಮ, ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ನಿಯಮ. ಏನಾದ್ರೂ ತಕರಾರು ಬಂದ್ರೆ ಆಟಗಾರ ಕ್ಲಾಕ್ ನಿಲ್ಲಿಸಿ ಆರ್ಬಿಟರನ್ನ ಕರೀಬಹುದು. ಕ್ಲಾಕ್ ಇಲ್ಲದಿದ್ರೆ ಕೈ ಎತ್ತಬಹುದು. ತೀರ್ಪು ಕೊಡೋದು ಎದುರಾಳಿ ಅಲ್ಲ, ಆರ್ಬಿಟರು. ಇದು ಗೊತ್ತಿರೋ ಮಗುವನ್ನ ಯಾರೂ ಹೆದರಿಸೋಕೆ ಆಗಲ್ಲ.

ಹಿಂದಿನ ಸಾಲಿನ ಮಕ್ಕಳಿಗೆ ಮಾತ್ರ ಹಿಂಗಾಗ್ತದೆ ಅನ್ಕೋಬೇಡಿ. 1994ರಲ್ಲಿ ಸ್ಪೇನಿನ ಲಿನಾರೆಸ್‌ನಲ್ಲಿ ವಿಶ್ವ ಚಾಂಪಿಯನ್ ಕ್ಯಾಸ್ಪರೋವ್ ಎದುರಿಗೆ ಹಂಗೇರಿಯ ಜುಡಿತ್ ಪೋಲ್ಗಾರ್ ಕೂತಿದ್ರು. ಆಕೆಗೆ ಆಗ ಹದಿನೇಳು ವರ್ಷ. ಕ್ಯಾಸ್ಪರೋವ್ ಕುದುರೆಯನ್ನ ಒಂದು ಮನೆಯಲ್ಲಿಟ್ಟು, ಕೈ ಬಿಟ್ಟು, ಮತ್ತೆ ಎತ್ತಿ ಬೇರೆ ಮನೆಗೆ ಇಟ್ರು. ಕೈ ಬಿಟ್ಟಿದ್ದು ಕಣ್ಣು ಮಿಟುಕಿಸೋ ಅಷ್ಟು ಹೊತ್ತು. ಆಮೇಲೆ ವಿಡಿಯೋದಲ್ಲಿ ಅದು ಕಂಡಿತು. ಆದರೆ ಆ ಕ್ಷಣದಲ್ಲಿ ಪೋಲ್ಗಾರ್ ತಕರಾರು ಎತ್ತಲಿಲ್ಲ, ಆಟ ಸೋತರು. ಅಷ್ಟು ದೊಡ್ಡ ಆಟಗಾರ್ತಿಗೇ ಎದುರಿಗೆ ದೊಡ್ಡವರು ಕೂತಾಗ ಕೈ ಎತ್ತೋದು ಕಷ್ಟ ಆಗಿತ್ತು. ನಮ್ಮ ಮಕ್ಕಳ ಪಾಡು ಏನು ಹೇಳ್ರಿ?

ಇನ್ನೊಂದು ಕೆನಡಾದ್ದು, 2017ರದು. ರಾಷ್ಟ್ರೀಯ ಚಾಂಪಿಯನ್ ಯಾರು ಅಂತ ತೀರ್ಮಾನ ಆಗೋ ವೇಗದ ಆಟ. ನೊರಿಟ್ಸಿನ್ ಅನ್ನೋರ ಪದಾತಿ ಕೊನೆ ಸಾಲು ಮುಟ್ಟಿತು, ಮಂತ್ರಿ ಆಗಬೇಕು. ಹುಡುಕಿದರೆ ಕಪ್ಪು ಮಂತ್ರಿ ಟೇಬಲ್ ಮೇಲೆ ಇಲ್ಲ. ಟೈಮ್ ಓಡ್ತಿದೆ. ಒಂದು ಆನೆಯನ್ನ ತಲೆಕೆಳಗಾಗಿ ಇಟ್ಟು "ಕ್ವೀನ್" ಅಂದ್ರು. ಆರ್ಬಿಟರ್ ಬಂದು, ತಲೆಕೆಳಗಾದ್ರೂ ಆನೆ ಆನೆಯೇ ಅಂದ್ರು. ಕಪ್ಪು ಮಂತ್ರಿ ಇದ್ದಿದ್ದು ಎದುರಾಳಿ ಸಾಂಬುಯೆವ್ ಕೈಯೊಳಗೆ. ಚಾಂಪಿಯನ್ ಆಗಿದ್ದೂ ಅವರೇ. ಬೇಕಂತ ಹಿಡ್ಕೊಂಡಿದ್ರು ಅಂತ ನಾನು ಹೇಳಲ್ಲ. ಹೊಡೆದ ಕಾಯಿ ಕೈಯಲ್ಲಿ ಉರುಳಿಸ್ತಾ ಕೂರೋ ಅಭ್ಯಾಸ ಬಹಳ ಜನಕ್ಕೆ ಇರ್ತದೆ. ಆದರೆ ಹೊಡೆದ ಕಾಯಿ ಟೇಬಲ್ ಮೇಲೆ ಕಾಣೋ ಹಂಗೆ ಇಡಬೇಕು ಅನ್ನೋ ಸಣ್ಣ ಮರ್ಯಾದೆಗೆ ಎಷ್ಟು ದೊಡ್ಡ ಬೆಲೆ ಐತೆ ನೋಡ್ರಿ. ಅಲ್ಲೂ ಮದ್ದು ಅದೇ ಇತ್ತು. ಕ್ಲಾಕ್ ನಿಲ್ಲಿಸಿ, ಆರ್ಬಿಟರನ್ನ ಕರೆದು, ಮಂತ್ರಿ ಕೇಳೋ ಹಕ್ಕು ಆಟಗಾರನಿಗೆ ಐತೆ. ನಮ್ಮ ಕೆಳಗಿನ ಟೇಬಲ್ಲುಗಳಲ್ಲಿ ಎರಡನೇ ಮಂತ್ರಿ ಸಿಗದೆ ಮಕ್ಕಳು ಆನೆ ತಿರುಗಿಸಿ ಇಡೋದು ನಾನು ಎಷ್ಟು ಸಲ ನೋಡಿಲ್ಲ!

ನಮ್ಮ ಮಕ್ಕಳೇನು ಸಾಧುಗಳಲ್ಲ, ಅದನ್ನೂ ಹೇಳಲೇಬೇಕು. ನಮ್ಮೂರ ಅರಳಿಕಟ್ಟೆ ಮೇಲೆ ಚದುರಂಗ ಆಡೋದು ಹೆಂಗೆ ಅಂತ ನಿಮಗೆ ಗೊತ್ತಲ್ಲ. ಆಡೋರು ಇಬ್ಬರು, ಆಡಿಸೋರು ಹನ್ನೆರಡು ಜನ. "ಏ ಕುದುರೆ ತೆಗಿಯೋ, ಒಂಟೆ ಹೊಡೀತದೆ" ಅಂತ ಹಿಂದಿನಿಂದ ಕೂಗಾಟ. ಇಟ್ಟ ನಡೆ ವಾಪಸ್ ತಗೊಳ್ಳೋದು, ಗೆದ್ದವನು ತೊಡೆ ತಟ್ಟೋದು. ಹಳೇ ತಲೆಮಾರಿನವರ ನಿಯಮಗಳೂ ಬೇರೆ. ಪದಾತಿಗೆ ಮೊದಲ ನಡೆಯಲ್ಲಿ ಎರಡು ಮನೆ ಇಲ್ಲ, ಕೋಟೆ ಕಟ್ಟೋದು ಇಲ್ಲ, ಅದರ ಬದಲು ರಾಜ ಒಂದು ಸಲ ಕುದುರೆ ಥರ ಹಾರಬಹುದು. ಇದು ನಮ್ಮ ದೇಶದ ಹಳೇ ಆಟದ ಪದ್ಧತಿ, ತಪ್ಪಲ್ಲ. ಆದರೆ ಕಟ್ಟೆ ಮೇಲೆ ಕಲಿತ ಹುಡುಗ ನೇರವಾಗಿ ಟೂರ್ನಮೆಂಟ್ ಹಾಲಿಗೆ ಬಂದಾಗ, ಪಕ್ಕದ ಟೇಬಲ್ಲಿಗೆ ಬಗ್ಗಿ ಗೆಳೆಯನಿಗೆ ನಡೆ ಹೇಳಿಕೊಡ್ತಾನೆ. ಅವನ ಮನಸ್ಸಲ್ಲಿ ಅದು ಸಹಾಯ. ನಿಯಮದಲ್ಲಿ ಅದು ದೊಡ್ಡ ತಪ್ಪು. ಆಟ ಮುಗಿಸಿದವನೂ ಪ್ರೇಕ್ಷಕನೇ, ಪ್ರೇಕ್ಷಕ ಬಾಯಿ ಬಿಡಂಗಿಲ್ಲ. ಏನಾದ್ರೂ ತಪ್ಪು ಕಂಡ್ರೆ ಆರ್ಬಿಟರಿಗೆ ಮಾತ್ರ ಹೇಳಬೇಕು.

ಕಟ್ಟೆ ಮಕ್ಕಳಿಂದ ಪೇಟೆ ಮಕ್ಕಳಿಗೂ ತೊಂದರೆ ಆಗ್ತದೆ. ಗಂಟಲಲ್ಲಿ ಹಾಡು ಗುನುಗೋದು, ಎದುರಿನವರು ಯೋಚನೆ ಮಾಡುವಾಗ ಕಾಯಿ ಕುಟ್ಟೋದು, "ಡ್ರಾ ಮಾಡ್ಕೊಳ್ಳೋಣ, ಡ್ರಾ ಮಾಡ್ಕೊಳ್ಳೋಣ" ಅಂತ ನಡೆಗೊಂದು ಸಲ ಕೇಳೋದು. ಎದುರಾಳಿಗೆ ಯಾವ ರೀತಿಯಲ್ಲೂ ಕಿರಿಕಿರಿ ಮಾಡಬಾರದು ಅಂತ ನಿಯಮದಲ್ಲೇ ಇದೆ. ಸುಮ್ಮ ಸುಮ್ಮನೆ ಮೇಲಿಂದ ಮೇಲೆ ಡ್ರಾ ಕೇಳೋದೂ ಅದರೊಳಗೇ ಬರ್ತದೆ. ಹಂಗಾಗಿ ಕನ್ನಡದಲ್ಲಿ ನಿಯಮ ಹೇಳಿದ್ರೆ ಲಾಭ ನಮ್ಮ ಮಕ್ಕಳಿಗೆ ಮಾತ್ರ ಅಲ್ಲ, ಅವರೆದುರು ಕೂರೋರಿಗೂ ಹೌದು.

ಟೂರ್ನಮೆಂಟ್ ನಡೆಸೋ ಒಬ್ಬರ ಹತ್ತಿರ ಈ ಮಾತು ಎತ್ತಿದ್ದೆ. ಅವರು ಹೇಳಿದ್ದರಲ್ಲೂ ಸತ್ಯ ಐತೆ. "ಯಜಮಾನ್ರೇ, ಆರು ಸುತ್ತು ಸಂಜೆಯೊಳಗೆ ಮುಗಿಸಬೇಕು. ಊರಿಗೆ ಹೋಗೋರು ಬಸ್ಸಿಗೆ ಗಡಿಬಿಡಿ ಮಾಡ್ತಾರೆ. ಹಾಲ್ ಬಾಡಿಗೆ, ಬಹುಮಾನದ ಕಪ್ಪು, ಆರ್ಬಿಟರ್ ಸಂಭಾವನೆ ಎಲ್ಲಾ ಹೊಂದಿಸೋದರಲ್ಲಿ ಕೈಯಿಂದ ಹಾಕ್ಕೊಂಡಿರ್ತೀವಿ. ನಿಯಮ ಕಲಿತು ಬರೋದು ಆಟಗಾರರ ಜವಾಬ್ದಾರಿ. ಮುಂದೆ ರೇಟಿಂಗ್ ಟೂರ್ನಮೆಂಟಿಗೆ ಹೋದ್ರೆ ಎಲ್ಲಾ ಇಂಗ್ಲಿಷೇ ತಾನೇ?" ಅಂದ್ರು.

ಭಾನುವಾರದ ನಿದ್ದೆ ಬಿಟ್ಟು ಬೇರೆಯವರ ಮಕ್ಕಳಿಗೋಸ್ಕರ ಟೇಬಲ್ ಹೊರೋರಿಗೆ ನಾನು ಬುದ್ಧಿ ಹೇಳೋಕೆ ಹೋಗಲ್ಲ. ಅವರಿಲ್ಲದಿದ್ರೆ ಈ ಬರಹಕ್ಕೆ ವಿಷಯವೇ ಇರ್ತಿರಲಿಲ್ಲ. ಆದರೆ ಎರಡು ಉತ್ತರ ಐತೆ. ಒಂದು, ನಿಯಮ ಕಲಿತು ಬರಲಿ ಅಂದ್ರೆ ಕಲಿಯೋಕೆ ಅದು ಅವರ ಕೈಗೆ ಸಿಗಬೇಕಲ್ಲ. ಪೇಟೆ ಮಗುಗೆ ಕೋಚ್ ಇರ್ತಾರೆ, ತಿಂಗಳಿಗೆ ಫೀಸು ಕೊಡ್ತಾರೆ, ಅವರು ಹೇಳಿಕೊಡ್ತಾರೆ. ಸರ್ಕಾರಿ ಶಾಲೆ ಮಗು ಮೊಬೈಲಲ್ಲಿ ಆಡಿ ಕಲಿತಿರ್ತದೆ. ಮೊಬೈಲಲ್ಲಿ ತಪ್ಪು ನಡೆ ಆಡೋಕೇ ಆಗಲ್ಲ, ಕಾಯಿ ಮುಟ್ಟಿದ್ರೆ ಏನೂ ಆಗಲ್ಲ, ಮಂತ್ರಿ ತಾನಾಗೇ ಬರ್ತದೆ, ಎದುರಿಗೆ ಮನುಷ್ಯನೇ ಇರಲ್ಲ. ಅಲ್ಲಿ ನಡೆ ಕಲೀಬಹುದು, ನಡವಳಿಕೆ ಕಲಿಯೋಕೆ ಆಗಲ್ಲ. ಎರಡು, ಇಂಗ್ಲಿಷ್ ಮುಂದೆ ಬೇಕೇ ಬೇಕು, ಒಪ್ಪಿದೆ. ಆದರೆ ಅಂಗನವಾಡಿ ಬಾಗಿಲಲ್ಲೇ ಪಿಯುಸಿ ಪರೀಕ್ಷೆ ಇಟ್ಟಂಗೆ ಆಗಬಾರದು. ರಾಜ್ಯಕ್ಕೆ ಮೊದಲ ಗ್ರ್ಯಾಂಡ್‌ಮಾಸ್ಟರ್ ಪಟ್ಟ ತಂದವರು ಮೈಸೂರಿನ ಎಂ.ಎಸ್. ತೇಜ್‌ಕುಮಾರ್, 2017ರಲ್ಲಿ. ಆಮೇಲೆ ನಮ್ಮ ಪಕ್ಕದ ಶಿವಮೊಗ್ಗದ ಜಿ.ಎ. ಸ್ಟ್ಯಾನಿ ಆದ್ರು. ಬೆಂಗಳೂರಿನ ಹೊರಗೂ ಬೆಳೆ ಬರ್ತದೆ ಅಂತ ಸಾಬೀತಾಗಿದೆ. ನಮ್ಮ ಜಿಲ್ಲೆಯಲ್ಲಿ ಬರಬೇಕಂದ್ರೆ ಸಸಿಮಡಿಯಲ್ಲೇ ಸಸಿ ಸಾಯಬಾರದು.

ಇದನ್ನ ಸರಿಯಾಗಿ ಮಾಡ್ತಿರೋರೂ ಇದ್ದಾರೆ. ಹರಿಹರದಲ್ಲಿ ಒಬ್ಬರು ಹಿರಿಯರು, ಒಂದು ಕಾಲಕ್ಕೆ ಲೇತ್ ಮಷಿನ್ನಿಗೆ ಹೆಸರಾಗಿದ್ದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಫಿಟರ್ ಆಗಿದ್ದೋರು. ಕಾರ್ಖಾನೆ ಮುಚ್ಚಿತು, ಅವರ ಶಿಸ್ತು ಮುಚ್ಚಲಿಲ್ಲ. ಮನೆ ಮುಂದಿನ ಪಡಸಾಲೆಯಲ್ಲಿ ಭಾನುವಾರ ಬೆಳಿಗ್ಗೆ ಏಳೆಂಟು ಮಕ್ಕಳಿಗೆ ದುಡ್ಡಿಲ್ಲದೆ ಚೆಸ್ ಹೇಳಿಕೊಡ್ತಾರೆ. ಹೆಸರು ಹಾಕಬೇಡ ಅಂದಿದ್ದಾರೆ, ಹಾಕಲ್ಲ. ಅವರ ಮೊದಲ ಪಾಠದಲ್ಲಿ ಒಂದು ನಡೆಯೂ ಇಲ್ಲ. ಮಕ್ಕಳು ಎದುರುಬದುರು ಕೂರಬೇಕು, ಕೈ ಕುಲುಕಬೇಕು. ಆಮೇಲೆ ಅವರು ಬೇಕಂತಲೇ ಒಂದು ಸುಳ್ಳು ತಕರಾರು ಎಬ್ಬಿಸ್ತಾರೆ. "ಏಯ್, ನೀನು ಮುಟ್ಟಿದೆ, ನಡೆಸು!" ಅಂತ ಗದರ್ತಾರೆ. ಮಗು ಅಳಬಾರದು, ವಾಪಸ್ ಕೂಗಬಾರದು. ಕ್ಲಾಕ್ ನಿಲ್ಲಿಸಿ ಕೈ ಎತ್ತಿ "ಸರ್, ಸ್ವಲ್ಪ ಬರ್ತೀರಾ" ಅನ್ನಬೇಕು. ಇದನ್ನ ಹತ್ತು ಸಲ ಮಾಡಿಸ್ತಾರೆ. "ಕಾಯಿ ಎತ್ತೋಕೆ ಮುಂಚೆ ಕೈ ಎತ್ತೋದು ಕಲೀರಿ" ಅನ್ನೋದು ಅವರ ಮಾತು. ನಮ್ಮ ಹುಡುಗಿಯನ್ನ ಆ ಘಟನೆ ಆದ ಮೇಲೆ ಅಲ್ಲಿಗೆ ಕಳಿಸ್ತಿದೀನಿ.

ಅವರ ಇನ್ನೊಂದು ಪಾಠ ಆಟ ಮುಗಿದ ಮೇಲಿಂದು. ಗೆದ್ದರೂ ಸೋತರೂ ಕೈ ಕೊಡಬೇಕು, ಕಾಯಿಗಳನ್ನ ಮೊದಲಿದ್ದ ಜಾಗಕ್ಕೆ ಜೋಡಿಸಿಯೇ ಏಳಬೇಕು. ಇದಕ್ಕೆ ಅವರು ಗುಕೇಶ್ ವಿಡಿಯೋ ತೋರಿಸ್ತಾರೆ. 2024ರ ಡಿಸೆಂಬರ್ 12, ಸಿಂಗಪುರ. ಹದಿನೆಂಟು ವರ್ಷದ ಹುಡುಗ ಹದಿನಾಲ್ಕನೇ ಆಟದಲ್ಲಿ ಡಿಂಗ್ ಲಿರೆನ್ ಅವರನ್ನ ಸೋಲಿಸಿ ವಿಶ್ವ ಚಾಂಪಿಯನ್ ಆದ. ಕಣ್ಣಲ್ಲಿ ನೀರು ಸುರೀತಿದೆ. ಆದ್ರೂ ಕೂತು ಒಂದೊಂದೇ ಕಾಯಿ ಎತ್ತಿ ಅದರದರ ಮನೆಗೆ ಇಡ್ತಿದಾನೆ. ರಾಶಿ ಮಾಡಿ ಮುಗಿದ ಮೇಲೆ ಕಣ ಗುಡಿಸಿ ಹೋಗೋ ರೈತನ ಥರ. ಮುಂದೆ ಬರೋರಿಗೆ ಹಲಗೆ ಸಿದ್ಧವಾಗಿರಲಿ ಅನ್ನೋ ಆ ಅಭ್ಯಾಸಕ್ಕೆ ನಾನು ಯಾವ ಟ್ರೋಫಿಗಿಂತ ಜಾಸ್ತಿ ಬೆಲೆ ಕೊಡ್ತೀನಿ.

ಹೊರಗೆ ಕಾಯೋ ನಮ್ಮಂಥ ದೊಡ್ಡೋರಿಗೂ ಒಂದು ಮಾತು. ಮಗು ಬಾಗಿಲು ದಾಟಿ ಬರ್ತಿದ್ದಂಗೇ "ಏನಾಯ್ತು, ಗೆದ್ಯಾ?" ಅಂತ ಮುಗಿಬೀಳೋದು, ಸೋತ್ರೆ ಪಾರ್ಕಿಂಗ್ ಜಾಗದಲ್ಲಿ ನಾಲ್ಕು ಜನರ ಎದುರು ಬೈಯೋದು ನಿಲ್ಲಬೇಕು. ಹಿಂಗೆ ಬೈಸ್ಕೊಂಡ ಮಗುನೇ ಮುಂದಿನ ಸುತ್ತಲ್ಲಿ ಹೆಂಗಾದ್ರೂ ಮಾಡಿ ಗೆಲ್ಲಬೇಕು ಅಂತ ಸುಳ್ಳು "ಟಚ್ ಮೂವ್" ಕೂಗೋದು. ಆ ಹುಡುಗ ನಮ್ಮ ಹುಡುಗಿಗೆ ಯಾಕೆ ಹಂಗೆ ಮಾಡಿದ ಅಂತ ನನಗೆ ಗೊತ್ತಿಲ್ಲ. ಆದರೆ ಅವತ್ತು ಮಧ್ಯಾಹ್ನ ಎರಡನೇ ಸುತ್ತು ಸೋತು ಬಂದಾಗ ಅವನು ಕಿವಿ ಹಿಂಡಿಸ್ಕೊಂಡಿದ್ದನ್ನ ಟೀ ಅಂಗಡಿ ಹತ್ತಿರ ನಾನೇ ಕಣ್ಣಾರೆ ನೋಡಿದೀನಿ. ಮಗುವಿನ ಮೇಲೆ ಸಿಟ್ಟು ಬರಲ್ಲ ನನಗೆ.

ಹಂಗಾದ್ರೆ ಏನು ಮಾಡಬಹುದು? ನಾಲ್ಕು ಕೆಲಸ ಹೇಳ್ತೀನಿ, ಒಂದಕ್ಕೂ ಜಾಸ್ತಿ ಖರ್ಚಿಲ್ಲ.

ಮೊದಲನೇದು, ಒಂದನೇ ಸುತ್ತಿಗೆ ಮುಂಚೆ ಮೈಕಲ್ಲಿ ಹತ್ತು ನಿಮಿಷ ಕನ್ನಡದಲ್ಲಿ ನಿಯಮ ಹೇಳಬೇಕು. ಗಣ್ಯರ ಭಾಷಣದಿಂದ ಹತ್ತು ನಿಮಿಷ ಕಡಿತ ಮಾಡಿದ್ರೆ ಟೈಮ್ ಹೊಂದ್ತದೆ.

ಎರಡನೇದು, ಕೊನೆ ಸಾಲಿನ ಟೇಬಲ್ಲುಗಳಿಗೆ ಅಂತಲೇ ಒಬ್ಬ ಸಹಾಯಕ ಇರಬೇಕು. ಆಟ ಬಲ್ಲ ಕಾಲೇಜು ಹುಡುಗ ಹುಡುಗಿಯರು ಬೇಕಾದಷ್ಟು ಇದ್ದಾರೆ. ತೀರ್ಪು ಕೊಡೋದು ಅವರ ಕೆಲಸ ಅಲ್ಲ, ಎತ್ತಿದ ಕೈ ನೋಡಿ ಆರ್ಬಿಟರನ್ನ ಕರೆಯೋದು ಅಷ್ಟೇ. ಆ ಸಾಲಿಗೆ ಅವರೇ ನೀರುಗಂಟಿ.

ಮೂರನೇದು, ಕಳೆದುಹೋದ ಕಾಯಿ, ಹೆಚ್ಚುವರಿ ಮಂತ್ರಿ ಇರೋ ಒಂದು ಡಬ್ಬ ಕೊನೆ ಸಾಲಲ್ಲಿ ಇಡ್ರಿ.

ನಾಲ್ಕನೇದು ನನ್ನ ಪಾಲಿನ ಕೆಲಸ. ಹರಿಹರದ ಮೇಷ್ಟ್ರ ಜೊತೆ ಕೂತು ಒಂದು ಹಾಳೆ ಕನ್ನಡದಲ್ಲಿ ಬರೆದಿದೀವಿ. ಅದನ್ನ ಇಲ್ಲೂ ಹಾಕ್ತೀನಿ. ಯಾರು ಬೇಕಾದ್ರೂ ಜೆರಾಕ್ಸ್ ಮಾಡಿಸಿ ಹಂಚಬಹುದು.

"ಆಟ ಶುರುವಾಗೋ ಮುಂಚೆ, ಮುಗಿದ ಮೇಲೆ ಕೈ ಕುಲುಕು. ಬೇಕಂತ ಮುಟ್ಟಿದ ನಿನ್ನ ಕಾಯಿಯನ್ನ, ನಡೆ ಇದ್ದರೆ, ನಡೆಸಲೇಬೇಕು. ಎದುರಾಳಿ ಕಾಯಿ ಬೇಕಂತ ಮುಟ್ಟಿದರೆ, ಹೊಡೆಯೋಕೆ ಆಗೋದಾದ್ರೆ, ಹೊಡೀಲೇಬೇಕು. ತೋಳು ತಾಗಿ ಬಿದ್ದಿದ್ದು ಮುಟ್ಟಿದ ಲೆಕ್ಕ ಅಲ್ಲ. ಸರಿ ಮಾಡಬೇಕಾದ್ರೆ ನಿನ್ನ ಸರದಿಯಲ್ಲಿ, ಮೊದಲು ಹೇಳಿ, ಆಮೇಲೆ ಮುಟ್ಟು. ಯಾವ ಭಾಷೆಯಾದ್ರೂ ಸರಿ, ಎದುರಿನವರಿಗೆ ಅರ್ಥ ಆಗಬೇಕು. ಕೋಟೆ ಕಟ್ಟುವಾಗ ಮೊದಲು ರಾಜನನ್ನ ಮುಟ್ಟು. ಕಾಯಿ ನಡೆಸಿದ ಕೈಯಿಂದಲೇ ಕ್ಲಾಕ್ ಒತ್ತು. ಎದುರಾಳಿ ತಪ್ಪು ನಡೆ ಆಡಿದ್ರೆ, ನೀನು ಮುಂದಿನ ನಡೆ ಆಡೋ ಮುಂಚೆಯೇ ಆರ್ಬಿಟರನ್ನ ಕರೆ. ರ‍್ಯಾಪಿಡ್ ಆಟದಲ್ಲಿ ಮೊದಲ ತಪ್ಪು ನಡೆಗೆ ಎದುರಾಳಿಗೆ ಎರಡು ನಿಮಿಷ ಜಾಸ್ತಿ ಸಿಗ್ತದೆ, ಎರಡನೇದಕ್ಕೆ ಆಟ ಸೋತಂತೆ. ಡ್ರಾ ಕೇಳಬೇಕಾದ್ರೆ ನಿನ್ನ ನಡೆ ಆಡಿ, ಕ್ಲಾಕ್ ಒತ್ತೋ ಮುಂಚೆ, ಒಂದೇ ಸಲ ಕೇಳು. ಮೊಬೈಲ್ ಒಳಗೆ ತರಬೇಡ. ಹೊಡೆದ ಕಾಯಿ ಟೇಬಲ್ ಮೇಲೇ ಇರಲಿ. ಏಳೋ ಮುಂಚೆ ಕಾಯಿ ಜೋಡಿಸು. ಅನುಮಾನ ಬಂದ್ರೆ ಜಗಳ ಬೇಡ, ಕ್ಲಾಕ್ ನಿಲ್ಲಿಸಿ ಕೈ ಎತ್ತು. ಎದುರಾಳಿ ಹೇಳಿದ್ದು ತೀರ್ಪಲ್ಲ."

ಇಷ್ಟೇ. ಒಂದು ಹಾಳೆಯ ಒಂದೇ ಮಗ್ಗುಲು ಸಾಕು. ಐವತ್ತು ಪ್ರತಿ ಮಾಡಿಸಿ ಬೈಕಿನ ಡಿಕ್ಕಿಯಲ್ಲಿ ಇಟ್ಕೊಂಡಿದೀನಿ. ಮುಂದಿನ ಟೂರ್ನಮೆಂಟಲ್ಲಿ ಗೇಟ್ ಹತ್ತಿರ ನಿಂತು ಕೊಡ್ತೀನಿ. ನಡೆಸೋರು ಒಪ್ಪಿದ್ರೆ ಒಳಗೆ ಗೋಡೆಗೂ ಅಂಟಿಸೋಣ, ಬಾಗಿಲ ಹತ್ತಿರದ ಆ ಕೊನೆ ಸಾಲಿನ ಕಡೆ. ನಿಮ್ಮೂರ ಶಾಲೆಯಲ್ಲಿ ಚೆಸ್ ಆಡೋ ಮಕ್ಕಳಿದ್ರೆ ಮೇಷ್ಟ್ರಿಗೆ ಒಂದು ಪ್ರತಿ ಕೊಡ್ರಿ.

ಮುಂದಿನ ವಾರ ಬೇಸಿಗೆ ಬೆಳೆಗೆ ಸಸಿಮಡಿ ಮಾಡೋದರ ಬಗ್ಗೆ ಬರೀತೀನಿ. ನಾಲೆ ನೀರಿನ ಲೆಕ್ಕ ನೋಡ್ಕೊಂಡು ಬಿತ್ತನೆ ಶುರು ಮಾಡ್ರಿ, ಅವಸರ ಬೇಡ.